ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಕ್ರೂಸ್‌ಗೆ ಹೊರಡುವ ಮುಂಚೆ

ಕ್ರೂಸ್ ಜಾಹೀರಾತುಗಳು ಎಲ್ಲವೂ ಒಂದೇ ಥರ. ನೀಲಿ ನೀರು, ಬಿಳಿ ಹಡಗು, ಮೇಲಿನ ಡೆಕ್‌ನಲ್ಲಿ ನೀರಿನ ಜಾರುಬಂಡೆ, ಕೇಕೆ ಹಾಕುವ ಮಕ್ಕಳು. ಆ ಚಿತ್ರ ನೋಡಿಯೇ ನಾವೂ ಮೊದಲ ಸಲ ಬುಕ್ ಮಾಡಿದ್ದು. ಹತ್ತಿದ ಮೇಲೆ ಗೊತ್ತಾಯಿತು, ಜಾರುಬಂಡೆಗೆ ಎತ್ತರದ ಮಿತಿ ಇದೆ ಅಂತ. ಮಗಳು ಅಳತೆಪಟ್ಟಿಯ ಪಕ್ಕ ಬೆನ್ನು ನೆಟ್ಟಗೆ ಮಾಡಿ ನಿಂತಳು. ನಾಲ್ಕು ಬೆರಳು ಕಡಿಮೆ. ಮಾರನೇ ದಿನ ಜುಟ್ಟನ್ನು ನೆತ್ತಿಯ ಮೇಲೆ ಗಟ್ಟಿಯಾಗಿ ಕಟ್ಟಿಸಿಕೊಂಡು ಹೋಗಿ ಮತ್ತೆ ನಿಂತಳು. ಅಲ್ಲಿದ್ದ ಹುಡುಗ ಜುಟ್ಟಿನ ಮೇಲೆ ಮೆಲ್ಲಗೆ ಅಂಗೈ ಒತ್ತಿ ನೋಡಿ, ನಗುತ್ತಾ ತಲೆ ಅಲ್ಲಾಡಿಸಿದ.

ತಪ್ಪು ನಮ್ಮದೇ. ಮೊದಲು ಹಡಗು ಆರಿಸಿ, ಆಮೇಲೆ ಮನೆಯವರನ್ನು ಅದಕ್ಕೆ ಹೊಂದಿಸಲು ಹೋಗಿದ್ದೆವು. ಈಗ ಉಲ್ಟಾ ಮಾಡುತ್ತೇವೆ.

ಚಿಕ್ಕವರ ವಯಸ್ಸಿನಿಂದ ಶುರು ಮಾಡಿ

ಒಂದು ಹಾಳೆಯಲ್ಲಿ ಹೊರಡುವವರ ಹೆಸರು ಬರೆದು, ಮುಂದೆ ವಯಸ್ಸು ಬರೆಯಿರಿ. ಇವತ್ತಿನ ವಯಸ್ಸು ಬೇಡ, ಹಡಗು ಹೊರಡುವ ದಿನ ಎಷ್ಟಾಗಿರುತ್ತದೋ ಅದನ್ನು ಬರೆಯಿರಿ. ಕ್ರೂಸ್ ಕಂಪನಿಗಳ ಎಷ್ಟೋ ನಿಯಮಗಳು ಈ ಅಂಕಿಯ ಮೇಲೇ ನಿಂತಿವೆ.

ಹೆಚ್ಚಿನ ದೊಡ್ಡ ಕಂಪನಿಗಳು 6 ತಿಂಗಳು ತುಂಬದ ಕೂಸನ್ನು ಹತ್ತಿಸಿಕೊಳ್ಳುವುದಿಲ್ಲ. ಮಹಾಸಾಗರ ದಾಟುವಂಥ ಉದ್ದದ ಪ್ರಯಾಣವಾದರೆ ಸಾಮಾನ್ಯವಾಗಿ 12 ತಿಂಗಳು ಆಗಿರಬೇಕು. ಹಡಗಿನ ದವಾಖಾನೆ ಚಿಕ್ಕದು, ನಡುನೀರಿನಲ್ಲಿ ಮಗುವಿಗೆ ಏನಾದರೂ ಆದರೆ ದೊಡ್ಡ ಆಸ್ಪತ್ರೆ ದಿನಗಟ್ಟಲೆ ದೂರ. ಗರ್ಭಿಣಿಯರಿಗೂ ಇದೇ ಕಾರಣಕ್ಕೆ ಮಿತಿ ಇದೆ. ಪ್ರಯಾಣ ಮುಗಿಯುವುದರೊಳಗೆ 24ನೇ ವಾರಕ್ಕೆ ಕಾಲಿಡುವವರನ್ನು ಹೆಚ್ಚಿನ ಕಂಪನಿಗಳು ಬಿಟ್ಟುಕೊಳ್ಳುವುದಿಲ್ಲ. ಹೊರಡುವ ದಿನ ಎಷ್ಟು ವಾರ ಅಂತ ಲೆಕ್ಕ ಹಾಕಿ ಮೋಸ ಹೋಗಬೇಡಿ. ಅವರು ನೋಡುವುದು ಇಳಿಯುವ ದಿನವನ್ನು.

ಮುಂದಿನ ಗೆರೆ 3 ವರ್ಷ. ಮಕ್ಕಳ ಕ್ಲಬ್ ಸಾಮಾನ್ಯವಾಗಿ ಅಲ್ಲಿಂದ ಶುರು. ಅದೂ ಡಯಾಪರ್ ಬಿಟ್ಟಿರಬೇಕು. ಕೆಲವು ಕಡೆ 2 ವರ್ಷಕ್ಕೇ ಸೇರಿಸಿಕೊಳ್ಳುತ್ತಾರೆ, ಕೆಲವು ಕಡೆ ಇನ್ನೂ ಚಿಕ್ಕವರಿಗೆ ದುಡ್ಡು ಕೊಟ್ಟರೆ ಬೇರೆ ಕೋಣೆ ಇರುತ್ತದೆ. ಈಜುಕೊಳದ ನಿಯಮ ಇನ್ನೂ ಬಿಗಿ. ಡಯಾಪರ್ ಹಾಕುವ ಮಗುವನ್ನು ಕೊಳಕ್ಕೆ ಇಳಿಸುವಂತಿಲ್ಲ, ಈಜಿನ ಡಯಾಪರ್ ಹಾಕಿದ್ದರೂ ಅಷ್ಟೇ. ಕೆಲವು ಹಡಗುಗಳಲ್ಲಿ ಇಂಥ ಮಕ್ಕಳಿಗಾಗಿಯೇ ನೀರು ಚಿಮ್ಮುವ ಜಾಗ ಇರುತ್ತದೆ. ನಿಮ್ಮ ಮಗುವಿಗೆ ಎರಡು ವರ್ಷವಾಗಿದ್ದರೆ ಹಡಗು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಸುತ್ತ ನೀರೋ ನೀರು, ಮಗುವಿಗೆ ಮಾತ್ರ ಕಾಲು ತೋಯಿಸಲೂ ಇಲ್ಲ ಅಂದರೆ ಆ ಅಳು ಕೇಳೋಕೆ ಆಗಲ್ಲ.

ಇಬ್ಬರು ಮಕ್ಕಳಿದ್ದರೆ ಕ್ಲಬ್‌ನ ಗುಂಪುಗಳನ್ನು ವಿಚಾರಿಸಿ. ಐದು ವರ್ಷದ ತಮ್ಮ ಒಂದು ಕೋಣೆ, ಏಳು ವರ್ಷದ ಅಕ್ಕ ಇನ್ನೊಂದು ಕೋಣೆ ಆಗಬಹುದು. ಅಕ್ಕ ಇಲ್ಲದ ಕಡೆ ತಮ್ಮ ಕೂರುತ್ತಾನಾ? ನಿಮಗೇ ಗೊತ್ತಿರುತ್ತದೆ.

ಹಾಳೆಯ ಇನ್ನೊಂದು ತುದಿಯಲ್ಲಿ ಅಜ್ಜಿ, ತಾತ ಇದ್ದಾರೆ. ಮಂಡಿ ನೋವಿದ್ದವರಿಗೆ ಹಡಗು ಬಹಳ ಒಳ್ಳೆಯ ರಜೆ. ದಿನಾ ಹೋಟೆಲ್ ಬದಲಿಸುವ, ಪೆಟ್ಟಿಗೆ ಕಟ್ಟುವ ಗೋಳಿಲ್ಲ. ಆದರೆ ಎಲ್ಲ ಬಂದರಿನಲ್ಲೂ ಹಡಗು ದಡಕ್ಕೆ ತಾಗಿ ನಿಲ್ಲುವುದಿಲ್ಲ. ಕೆಲವು ಕಡೆ ದೂರದಲ್ಲಿ ಲಂಗರು ಹಾಕಿ, ಟೆಂಡರ್ ಎಂಬ ಸಣ್ಣ ದೋಣಿಯಲ್ಲಿ ಜನರನ್ನು ದಡ ಮುಟ್ಟಿಸುತ್ತಾರೆ. ತುಯ್ದಾಡುವ ದೋಣಿಗೆ ಕಾಲಿಡುವುದು ಹಿರಿಯರಿಗೆ ಕಷ್ಟ, ಗಾಲಿಕುರ್ಚಿ ಇದ್ದರೆ ಕೆಲವೊಮ್ಮೆ ಬಿಡುವುದೇ ಇಲ್ಲ. ವೇಳಾಪಟ್ಟಿಯಲ್ಲಿ ಟೆಂಡರ್ ಅಂತ ಎಷ್ಟು ಬಂದರಿಗೆ ಬರೆದಿದೆ ಎಣಿಸಿ.

ಎಷ್ಟು ದಿನ, ಯಾವ ನೀರು

ಮೊದಲ ಸಲವಾದರೆ 3ರಿಂದ 5 ರಾತ್ರಿ ಸಾಕು. ಬಂದರು ಸಿಗದ ದಿನಗಳು ಎಷ್ಟು ಅಂತಲೂ ನೋಡಿ. ಮಕ್ಕಳಿಗೆ ಅವು ಹಬ್ಬ, ಓಡಾಡುವ ಗೀಳಿನ ದೊಡ್ಡವರಿಗೆ ಸೆರೆಮನೆ.

ಎಲ್ಲ ನೀರೂ ಒಂದೇ ಅಲ್ಲ. ನಾರ್ವೆಯಲ್ಲಿ ಬೆಟ್ಟಗಳ ನಡುವೆ ಒಳಹೊಕ್ಕ ಕಿರಿದಾದ ಕಡಲ ತೋಳುಗಳಾದ ಫಿಯರ್ಡ್‌ಗಳು, ಅಲಾಸ್ಕಾದ ಒಳಜಲಮಾರ್ಗ ಬೆಟ್ಟ ದ್ವೀಪಗಳ ಮರೆಯಲ್ಲಿರುವುದರಿಂದ ಸಾಕಷ್ಟು ಶಾಂತ. ತೆರೆದ ಸಾಗರ ಹಾಗಲ್ಲ. ಅಟ್ಲಾಂಟಿಕ್ ಮತ್ತು ಕೆರಿಬಿಯನ್ ಕಡೆ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಆಗ ದರ ಇಳಿದಿರುವುದು ಸುಮ್ನೆ ಅಲ್ಲ. ಬಿರುಗಾಳಿ ಎದ್ದರೆ ಹಡಗು ಅದನ್ನು ಸುತ್ತುಹಾಕಿ ಹೋಗುತ್ತದೆ, ನೀವು ನೋಡಬೇಕಿದ್ದ ದ್ವೀಪ ತಪ್ಪಬಹುದು. ಹಾಗೆ ಬಂದರು ಬದಲಿಸುವ ಅಧಿಕಾರ ಕಂಪನಿಗೆ ಇದೆ. ಟಿಕೆಟ್ಟಿನ ಒಪ್ಪಂದದಲ್ಲೇ ಬರೆದಿರುತ್ತದೆ, ಯಾರೂ ಓದುವುದಿಲ್ಲ. ಮಕ್ಕಳಿಗೆ ಒಂದೇ ಒಂದು ಜಾಗದ ಆಸೆ ಹುಟ್ಟಿಸಿ ಕರೆದೊಯ್ಯಬೇಡಿ.

ಹಡಗು ದೊಡ್ಡದಾದಷ್ಟೂ ಆಟ ಜಾಸ್ತಿ, ನಡಿಗೆಯೂ ಜಾಸ್ತಿ. 2024ರ ಜನವರಿಯಲ್ಲಿ ಪ್ರಯಾಣ ಶುರುಮಾಡಿದ ಐಕಾನ್ ಆಫ್ ದಿ ಸೀಸ್ ಸುಮಾರು 365 ಮೀಟರ್ ಉದ್ದವಿದೆ. ಒಂದು ತುದಿಯ ಕ್ಯಾಬಿನ್‌ನಲ್ಲಿ ಟೋಪಿ ಮರೆತು, ಇನ್ನೊಂದು ತುದಿಯ ಕೊಳದ ಹತ್ತಿರ ನೆನಪಾದರೆ ಗೊತ್ತಾಗುತ್ತದೆ 365 ಮೀಟರ್ ಅಂದರೆ ಏನು ಅಂತ.

ಕ್ಯಾಬಿನ್: ಇಲ್ಲಿ ಅವಸರ ಬೇಡ

ಮುಖ್ಯವಾಗಿ ನಾಲ್ಕು ಬಗೆ. ಕಿಟಕಿಯೇ ಇಲ್ಲದ ಒಳಗಿನ ಕ್ಯಾಬಿನ್, ಕಿಟಕಿಯದು, ಬಾಲ್ಕನಿಯದು, ಆಮೇಲೆ ಎಲ್ಲಕ್ಕಿಂತ ದೊಡ್ಡದಾದ ಸೂಟ್. ಒಳಗಿನದು ಸಾಧಾರಣವಾಗಿ 150ರಿಂದ 180 ಚದರ ಅಡಿ. ಮಂಚ, ಕಪಾಟು, ಬಚ್ಚಲು ಎಲ್ಲ ಅಷ್ಟರಲ್ಲೇ. ದೀಪ ಆರಿಸಿದರೆ ಕಗ್ಗತ್ತಲು. ಮಕ್ಕಳು ಚೆನ್ನಾಗಿ ನಿದ್ದೆ ಮಾಡುತ್ತಾರೆ, ಆದರೆ ಬೆಳಗಾಯಿತೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ಬ್ಯಾಟರಿಯ ಒಂದು ಪುಟ್ಟ ರಾತ್ರಿ ದೀಪ ಜೊತೆಗಿರಲಿ.

ಒಂದೇ ಕ್ಯಾಬಿನ್‌ನಲ್ಲಿ ನಾಲ್ಕು ಜನ ಅಂದರೆ ಮೂರನೇ ಮತ್ತು ನಾಲ್ಕನೇ ಹಾಸಿಗೆ ಸಾಮಾನ್ಯವಾಗಿ ಸೋಫಾದಿಂದ ಬಿಚ್ಚುವುದು, ಇಲ್ಲವೇ ಚಾವಣಿಯಿಂದ ಕೆಳಗಿಳಿಯುವುದು. ಮೇಲಿನದಕ್ಕೆ ಏಣಿ ಹತ್ತಬೇಕು. ಪುಟ್ಟ ಮಕ್ಕಳನ್ನು ಅಲ್ಲಿ ಮಲಗಿಸಬೇಡಿ, ಅವರು ಎಷ್ಟೇ ಹಟ ಮಾಡಲಿ. ಕೂಸಿಗೆ ತೊಟ್ಟಿಲಿನಂಥ ಮಡಚುವ ಹಾಸಿಗೆ ಬೇಕಿದ್ದರೆ ಬುಕ್ ಮಾಡುವಾಗಲೇ ಹೇಳಿ. ಹಾಗೆಯೇ, ಹೆಚ್ಚಿನ ಕ್ಯಾಬಿನ್‌ಗಳಲ್ಲಿ ಸ್ನಾನಕ್ಕೆ ಶವರ್ ಮಾತ್ರ. ಟಬ್ ಇಲ್ಲದೆ ಮಗುವಿಗೆ ಹೇಗೆ ನೀರು ಹಾಕುತ್ತೀರಿ ಅಂತ ಈಗಲೇ ಯೋಚಿಸಿ.

ನಾಲ್ಕು ಜನರ ಕ್ಯಾಬಿನ್‌ಗಳು ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತವೆ. ಇದಕ್ಕೆ ಎರಡು ಕಾರಣ. ಅಂಥವು ಇರುವುದೇ ಕಡಿಮೆ. ಇನ್ನೊಂದು ಕಾರಣ ಲೈಫ್‌ಬೋಟ್. ಹಡಗಿನ ಪ್ರತಿ ಭಾಗದ ಜನರಿಗೂ ಇಂಥದೇ ಬೋಟ್ ಅಂತ ಗೊತ್ತುಮಾಡಿರುತ್ತಾರೆ. ಆ ಬೋಟ್‌ಗಳ ಲೆಕ್ಕ ತುಂಬಿದರೆ, ಕ್ಯಾಬಿನ್‌ನಲ್ಲಿ ಹಾಸಿಗೆ ಖಾಲಿ ಇದ್ದರೂ ಮೂರನೆಯವರನ್ನು ಸೇರಿಸಲು ಬರುವುದಿಲ್ಲ. "ಮೊದಲು ಇಬ್ಬರದ್ದು ಮಾಡಿಸೋಣ, ಮಕ್ಕಳದ್ದು ಆಮೇಲೆ ಸೇರಿಸೋಣ" ಅನ್ನುವ ಯೋಚನೆ ಇದ್ದರೆ ಬಿಡಿ. ಎಲ್ಲರ ಹೆಸರನ್ನೂ ಮೊದಲ ದಿನವೇ ಸೇರಿಸಿ.

ನನ್ನ ಅನುಭವದಲ್ಲಿ, ಒಂದು ಬಾಲ್ಕನಿ ಕ್ಯಾಬಿನ್‌ಗೆ ನಾಲ್ಕು ಜನ ತುರುಕಿಕೊಳ್ಳುವುದಕ್ಕಿಂತ ನಡುವೆ ಬಾಗಿಲಿರುವ ಎರಡು ಒಳಗಿನ ಕ್ಯಾಬಿನ್ ವಾಸಿ. ದರ ಕೆಲವೊಮ್ಮೆ ಹತ್ತಿರ ಹತ್ತಿರವೇ ಬರುತ್ತದೆ. ಎರಡು ಬಚ್ಚಲು ಸಿಗುತ್ತವೆ. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ತಯಾರಾಗಬೇಕಾದಾಗ ಬಾಲ್ಕನಿ ಬೇಕೋ, ಎರಡನೇ ಬಚ್ಚಲು ಬೇಕೋ? ಬುಕಿಂಗ್‌ನಲ್ಲಿ ಪ್ರತಿ ಕ್ಯಾಬಿನ್‌ಗೂ ಒಬ್ಬ ದೊಡ್ಡವರ ಹೆಸರು ಕೇಳಬಹುದು. ಒಂದರಲ್ಲಿ ಅಪ್ಪ, ಒಂದರಲ್ಲಿ ಅಮ್ಮ ಅಂತ ಹಾಕಿಸಿ, ಹತ್ತಿದ ಮೇಲೆ ನಿಮಗೆ ಬೇಕಾದ ಹಾಗೆ ಮಲಗಿ.

ಜಾಗ ಆರಿಸುವಾಗ ಡೆಕ್‌ನ ನಕ್ಷೆ ತೆರೆದು ಮೂರು ಮಹಡಿ ಒಟ್ಟಿಗೆ ನೋಡಿ. ನಿಮ್ಮದು, ಮೇಲಿನದು, ಕೆಳಗಿನದು. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇದ್ದರೆ ನಿದ್ದೆ ಖಾತ್ರಿ. ಮೇಲೆ ಈಜುಕೊಳವಿದ್ದರೆ ನಸುಕಿನಲ್ಲೇ ಕುರ್ಚಿ ಎಳೆಯುವ ಕಿರಕಿರಿ, ಕೆಳಗೆ ಡಿಸ್ಕೋ ಇದ್ದರೆ ನಡುರಾತ್ರಿವರೆಗೆ ಧಡಧಡ. ತುಯ್ದಾಟ ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ಗಳಲ್ಲಿ ಕಡಿಮೆ. ಮುಂದೆ, ಹಿಂದೆ, ಮೇಲೆ ಹೋದಷ್ಟೂ ಜಾಸ್ತಿ. ತಲೆಸುತ್ತು ಬರುವವರು ಮನೆಯಲ್ಲಿದ್ದರೆ, ಅಗ್ಗ ಅಂತ "ಕ್ಯಾಬಿನ್ ನಂಬರ್ ಆಮೇಲೆ ಕೊಡುತ್ತೇವೆ" ಎನ್ನುವ ಟಿಕೆಟ್ ಕೊಳ್ಳಬೇಡಿ. ಆ ಟಿಕೆಟ್ಟಿನಲ್ಲಿ ಅಕ್ಕಪಕ್ಕದ ಎರಡು ಕ್ಯಾಬಿನ್ ಸಿಗುತ್ತದೆಂಬ ಭರವಸೆಯೂ ಇಲ್ಲ.

ಬಾಲ್ಕನಿಯೇ ಬೇಕು ಅಂದರೆ ಒಂದು ಮಾತು. ಅಮೆರಿಕದ 2010ರ ಕಾಯ್ದೆಯ ಪ್ರಕಾರ ಕಂಬಿಯ ಎತ್ತರ ಕನಿಷ್ಠ 42 ಇಂಚು, ಅಂದರೆ ಸುಮಾರು 107 ಸೆಂಟಿಮೀಟರ್ ಇರಬೇಕು. ನಾಲ್ಕು ವರ್ಷದ ಮಗು ಅದರ ಮೇಲಿಂದ ಇಣುಕಲಾರದು. ಕುರ್ಚಿ ಹತ್ತಿದರೆ ಇಣುಕುತ್ತದೆ. ಮೊದಲ ಕೆಲಸವಾಗಿ ಬಾಲ್ಕನಿಯ ಕುರ್ಚಿಗಳನ್ನು ಒಳಗೆ ತಂದುಬಿಡಿ. ಬಾಗಿಲಿನ ಚಿಲಕ ಮಕ್ಕಳ ಕೈಗೆ ಎಟಕುತ್ತದಾ ನೋಡಿ.

ಟಿಕೆಟ್ ದರದ ಹಿಂದೆ ಬರುವ ದರಗಳು

ಜಾಹೀರಾತಿನ ದರ ತಲಾ ಲೆಕ್ಕದ್ದು. ಅದೂ ಒಂದು ಕ್ಯಾಬಿನ್‌ನಲ್ಲಿ ಇಬ್ಬರಿದ್ದಾರೆ ಅಂತ ಹಿಡಿದ ಲೆಕ್ಕ. ಮೂರನೆಯವರಿಗೆ, ನಾಲ್ಕನೆಯವರಿಗೆ ಸಾಮಾನ್ಯವಾಗಿ ಕಡಿಮೆ. ಅದರ ಮೇಲೆ ಬಂದರಿನ ತೆರಿಗೆ, ಶುಲ್ಕ. ಅದರ ಮೇಲೆ ಟಿಪ್ಸ್. ಅನೇಕ ಕಂಪನಿಗಳಲ್ಲಿ ಟಿಪ್ಸ್ ದಿನಕ್ಕೆ ತಲೆಗೆ ಇಷ್ಟು ಅಂತ ತಾನಾಗಿಯೇ ಖಾತೆಗೆ ಬೀಳುತ್ತದೆ, ಮಕ್ಕಳ ತಲೆಯನ್ನೂ ಬಿಡದೆ. ಐದು ಜನ, ಏಳು ರಾತ್ರಿ ಅಂದರೆ 35 ಸಲ. ಬುಕ್ ಮಾಡುವಾಗಲೇ ಇದನ್ನು ಗುಣಿಸಿ ನೋಡಿ.

ಊಟದ ಹಾಲ್, ಬಫೆ, ನೀರು, ಮಾಮೂಲಿ ಕಾಫಿ ಟೀ, ಮಕ್ಕಳ ಕ್ಲಬ್ಬಿನ ಹಗಲಿನ ಹೊತ್ತು, ನಾಟಕ, ಸಂಗೀತ ಇವು ದರದಲ್ಲೇ ಸೇರಿರುವುದು ವಾಡಿಕೆ. ತಂಪು ಪಾನೀಯ, ಮದ್ಯ, ವೈಫೈ, ವಿಶೇಷ ರೆಸ್ಟೋರೆಂಟ್, ಫೋಟೋ, ದಡದ ಸುತ್ತಾಟ, ತಡರಾತ್ರಿ ಮಕ್ಕಳನ್ನು ನೋಡಿಕೊಳ್ಳುವುದು ಇವಕ್ಕೆಲ್ಲ ಬೇರೆ. ಮದ್ಯದ ಪ್ಯಾಕೇಜ್ ಒಬ್ಬರು ಕೊಂಡರೆ ಆ ಕ್ಯಾಬಿನ್‌ನ ದೊಡ್ಡವರೆಲ್ಲರೂ ಕೊಳ್ಳಬೇಕು ಅನ್ನುವ ನಿಯಮ ಅನೇಕ ಕಡೆ ಇದೆ. ಕುಡಿಯದ ಹೆಂಡತಿಗೂ ಸೇರಿಸಿ ದುಡ್ಡು ಕಟ್ಟುವ ಮುಂಚೆ ಯೋಚಿಸಿ.

ಹಡಗಿನಲ್ಲಿ ನಗದು ನಡೆಯುವುದು ಕಡಿಮೆ. ಬಾಗಿಲಿನ ಕೀ ಕಾರ್ಡೇ ಪಾಕೀಟು. ಮಕ್ಕಳ ಕಾರ್ಡಿನಿಂದ ಖರ್ಚು ಆಗದ ಹಾಗೆ ಮೊದಲ ದಿನವೇ ಕೌಂಟರ್‌ನಲ್ಲಿ ಹೇಳಿ ಮುಚ್ಚಿಸಿ. ನಮ್ಮ ಮನೆಯ ಹುಡುಗ ವಿಡಿಯೋ ಗೇಮ್ ಕೋಣೆಯಲ್ಲಿ ಕಾರ್ಡ್ ತೋರಿಸುತ್ತಾ ಹೋದ, ಅದು ಬಿಟ್ಟಿ ಅಂದುಕೊಂಡು. ಬಿಲ್ ನೋಡಿದ ದಿನ ಊಟ ಸೇರಲಿಲ್ಲ. ಖಾತೆಗೆ ಜೋಡಿಸುವುದು ಕ್ರೆಡಿಟ್ ಕಾರ್ಡೇ ಆಗಿರಲಿ. ಡೆಬಿಟ್ ಕಾರ್ಡ್ ಆದರೆ ಮುಂಗಡ ಅಂತ ಹಿಡಿದಿಟ್ಟ ಹಣ ಬಿಡುಗಡೆಯಾಗಲು ದಿನಗಳು ಬೇಕು.

ಬುಕಿಂಗ್‌ಗೆ ಮುಂಗಡ ಕೊಟ್ಟು, ಉಳಿದದ್ದನ್ನು ಹೊರಡುವ ಎರಡು ಮೂರು ತಿಂಗಳ ಮುಂಚೆ ಕಟ್ಟುವುದು ಪದ್ಧತಿ. ಆ ಕೊನೆಯ ದಿನಾಂಕ ಬರೆದಿಟ್ಟುಕೊಳ್ಳಿ. ಅದಕ್ಕೆ ಮುಂಚೆ ದರ ಇಳಿದರೆ ನಿಮಗೂ ಇಳಿಸಿಕೊಡಿ ಅಂತ ಕೇಳಬಹುದು, ಎಷ್ಟೋ ಸಲ ಕೊಡುತ್ತಾರೆ. ಅದು ದಾಟಿದ ಮೇಲೆ ರದ್ದು ಮಾಡಿದರೆ ದಂಡ ವಾರ ವಾರಕ್ಕೆ ಏರುತ್ತದೆ.

ಇನ್ಶೂರೆನ್ಸ್ ಮಾಡಿಸಿ. ಹಡಗಿನ ಡಾಕ್ಟರ್ ಬಿಟ್ಟಿ ಅಲ್ಲ. ಪಾಲಿಸಿಯಲ್ಲಿ ಮುಖ್ಯವಾಗಿ ಹುಡುಕಬೇಕಾದ್ದು ರೋಗಿಯನ್ನು ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು. ಹೆಲಿಕಾಪ್ಟರ್ ಬರಬೇಕಾದರೆ ಅದು ಮನೆ ಮಾರುವಂಥ ಮೊತ್ತ.

ಕಾಗದಪತ್ರ

ಪಾಸ್‌ಪೋರ್ಟ್ ಅವಧಿ ವಾಪಸ್ ಬಂದ ಮೇಲೂ 6 ತಿಂಗಳು ಉಳಿದಿರಲಿ. ವೀಸಾ ಹಡಗಿಗೆ ಬೇಡ, ಅದು ನಿಲ್ಲುವ ದೇಶಗಳಿಗೆ ಬೇಕು. ನೀವು ಇಳಿಯದೆ ಹಡಗಿನಲ್ಲೇ ಕೂರುತ್ತೀರೆಂದರೂ ಕೆಲವು ಕಡೆ ಕೇಳುತ್ತಾರೆ. ಷೆಂಗೆನ್ ವಲಯದ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ, ಒಂದು ದೇಶದಿಂದ ಹೊರಟು, ನಡುವೆ ಆ ವಲಯದ ಹೊರಗಿನ ಬಂದರು ಮುಟ್ಟಿ, ಮತ್ತೆ ಒಳಗೆ ಬರುವ ಪ್ರಯಾಣವಾದರೆ ಒಂದು ಸಲದ ವೀಸಾ ಸಾಲದು. ಹಲವು ಸಲ ಒಳಬರುವಂಥದ್ದನ್ನೇ ಕೇಳಿ. ಮಗುವಿನ ಜೊತೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರೇ ಹೋಗುತ್ತಿದ್ದರೆ, ಅಥವಾ ಅಜ್ಜಿ ತಾತ ಕರೆದೊಯ್ಯುತ್ತಿದ್ದರೆ, ಬರದವರ ಒಪ್ಪಿಗೆ ಪತ್ರ ನೋಟರಿ ಮಾಡಿಸಿ ಇಟ್ಟುಕೊಳ್ಳಿ. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರ ಅಕ್ಷರಕ್ಕೂ ಸರಿಹೊಂದಲಿ.

ಪೆಟ್ಟಿಗೆಯಲ್ಲಿ ಏನಿರಲಿ

ಕ್ಯಾಬಿನ್ ಗೋಡೆ ಸಾಮಾನ್ಯವಾಗಿ ಕಬ್ಬಿಣದ್ದು. ನಾಲ್ಕು ಅಯಸ್ಕಾಂತದ ಕೊಕ್ಕೆ ತಂದರೆ ಟೋಪಿ, ಒದ್ದೆ ಈಜುಡುಗೆ, ಚೀಲ ಎಲ್ಲ ಗೋಡೆಗೆ ಹೋಗುತ್ತವೆ, ನೆಲ ಕಾಣುತ್ತದೆ. ಇಸ್ತ್ರಿಪೆಟ್ಟಿಗೆ, ಕೆಟಲ್, ಮೇಣದಬತ್ತಿ ತರುವಂತಿಲ್ಲ. ಹಡಗಿನಲ್ಲಿ ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿ. ಸರ್ಜ್ ಪ್ರೊಟೆಕ್ಟರ್ (ಕರೆಂಟಿನ ಏರಿಳಿತ ತಡೆಯುವ ಸಾಧನ) ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಸಿಕ್ಕರೆ ತೆಗೆದಿಟ್ಟುಕೊಂಡು, ಇಳಿಯುವಾಗ ಕೊಡುತ್ತಾರೆ. ಯುಎಸ್‌ಬಿ ಚಾರ್ಜರ್ ತನ್ನಿ. ಮಕ್ಕಳ ಜ್ವರದ ಔಷಧಿ, ಡಯಾಪರ್, ಹಾಲಿನ ಪುಡಿ ಪೂರ್ತಿ ದಿನಗಳಿಗೆ ಆಗುವಷ್ಟು ಇರಲಿ. ಹಡಗಿನ ಅಂಗಡಿಯಲ್ಲಿ ಕೈಗಡಿಯಾರ ನಾನಾ ಬಗೆಯದು ಸಿಗುತ್ತದೆ, ನಿಮ್ಮ ಮಗುವಿನ ಅಳತೆಯ ಡಯಾಪರ್ ಸಿಗುವುದು ಅದೃಷ್ಟ.

ಹತ್ತುವ ದಿನ

ವಿಮಾನದಲ್ಲಿ ಬರುವವರು ಹಿಂದಿನ ದಿನವೇ ಬಂದರಿನ ಊರು ಸೇರಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ.

ದೊಡ್ಡ ಪೆಟ್ಟಿಗೆಗಳನ್ನು ಬಾಗಿಲಲ್ಲೇ ಕೊಟ್ಟುಬಿಡುತ್ತೀರಿ. ಅವು ಕ್ಯಾಬಿನ್‌ಗೆ ಬರುವುದು ಸಂಜೆ. ಅಲ್ಲಿಯವರೆಗೆ ಕೈಚೀಲವೇ ಗತಿ. ಅದರಲ್ಲಿ ಪಾಸ್‌ಪೋರ್ಟ್, ಔಷಧಿ, ಚಾರ್ಜರ್, ಮಗುವಿನ ಸಾಮಾನು, ಮರೆಯದೆ ಈಜುಡುಗೆ. ಮೊದಲ ಮಧ್ಯಾಹ್ನ ಕೊಳದಲ್ಲಿ ಜನ ಕಡಿಮೆ.

ಹತ್ತಿದ ಕೂಡಲೇ ಮಕ್ಕಳ ಕ್ಲಬ್‌ಗೆ ಹೋಗಿ ಹೆಸರು ಬರೆಸಿ. ಅಲರ್ಜಿ ಇದ್ದರೆ ಅಲ್ಲೂ ಹೇಳಿ, ಊಟದ ಹಾಲ್‌ನ ಮೇಲ್ವಿಚಾರಕರಿಗೂ ಹೇಳಿ. ಬುಕ್ ಮಾಡುವಾಗ ಹೇಳಿದ್ದೇವಲ್ಲ ಅಂತ ಸುಮ್ಮನಿರಬೇಡಿ.

ಆಮೇಲೆ ಸುರಕ್ಷತಾ ಕವಾಯತು. ತುರ್ತು ಸಮಯದಲ್ಲಿ ಎಲ್ಲಿ ಸೇರಬೇಕು ಅಂತ ತೋರಿಸುತ್ತಾರೆ. 2012ರ ಜನವರಿ 13ರಂದು ಇಟಲಿಯ ಜಿಲ್ಯೋ ದ್ವೀಪದ ಹತ್ತಿರ ಕೋಸ್ಟಾ ಕಾನ್ಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದು ವಾಲಿದಾಗ 32 ಜನ ಸತ್ತರು. ಅದೇ ದಿನ ಹತ್ತಿದ್ದವರಿಗೆ ಇನ್ನೂ ಕವಾಯತೇ ಆಗಿರಲಿಲ್ಲ. ಆ ಮೇಲೆ ನಿಯಮ ಬದಲಾಯಿತು. ಈಗ ಹಡಗು ಹೊರಡುವ ಮುಂಚೆ ಅಥವಾ ಹೊರಟ ತಕ್ಷಣ ಇದು ಆಗಲೇಬೇಕು. ಎಷ್ಟೋ ಹಡಗುಗಳಲ್ಲಿ ಈಗ ವಿಡಿಯೋ ನೋಡಿ, ನಿಮ್ಮ ಜಾಗಕ್ಕೆ ಹೋಗಿ ಹಾಜರಿ ಹಾಕಿಸಿದರೆ ಮುಗಿಯಿತು. ಮಕ್ಕಳನ್ನೂ ಕರೆದುಕೊಂಡೇ ಹೋಗಿ. ಚಿಕ್ಕವರ ಕೈಗೆ ಆ ಜಾಗದ ಗುರುತಿನ ಪಟ್ಟಿ ಕಟ್ಟುತ್ತಾರೆ. ಬಿಚ್ಚಿಡಬೇಡಿ. ಪುಟ್ಟ ಅಳತೆಯ ಲೈಫ್ ಜಾಕೆಟ್ ಕೇಳಿ ನೋಡಿಕೊಳ್ಳಿ.

ನೀರಿನ ಮೇಲೆ

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ವೈಫೈ ಮಾತ್ರ ಬಳಸಿ. ಇಲ್ಲದಿದ್ದರೆ ಹಡಗಿನ ಉಪಗ್ರಹ ರೋಮಿಂಗ್ ಹಿಡಿದುಕೊಂಡು ಬಿಲ್ ಬೆಟ್ಟವಾಗುತ್ತದೆ.

ತುಯ್ದಾಟಕ್ಕೆ ಔಷಧಿ ವಾಂತಿ ಬಂದ ಮೇಲೆ ತೆಗೆದುಕೊಂಡರೆ ಉಪಯೋಗ ಕಡಿಮೆ, ಮುಂಚೆಯೇ ತೆಗೆದುಕೊಳ್ಳಬೇಕು. ಮಕ್ಕಳಿಗೆ ಯಾವುದು, ಎಷ್ಟು ಅಂತ ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ. ಓಕರಿಕೆ ಬಂದವರನ್ನು ಕ್ಯಾಬಿನ್‌ನಲ್ಲಿ ಕೂಡಿಹಾಕಬೇಡಿ. ಗಾಳಿಗೆ ಕರೆತಂದು, ನೀರು ಆಕಾಶ ಕೂಡುವ ಗೆರೆಯನ್ನು ನೋಡುತ್ತಾ ಕೂರಿಸಿ. ಕಣ್ಣಿಗೂ ಕಿವಿಯೊಳಗಿನ ಸಮತೋಲನಕ್ಕೂ ತಾಳ ತಪ್ಪುವುದೇ ಈ ಕಾಯಿಲೆ, ಆ ಗೆರೆ ನೋಡಿದರೆ ಎರಡೂ ಮತ್ತೆ ಒಂದಾಗುತ್ತವೆ.

ವಾಂತಿ ಭೇದಿ ತರುವ ನೋರೋವೈರಸ್‌ಗೆ ಹಡಗು ಇಷ್ಟವಾದ ಜಾಗ. ಬಫೆ ಬಾಗಿಲಲ್ಲಿ ಕೊಡುವ ಸ್ಯಾನಿಟೈಸರಿಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಸೋಪು, ನೀರು, ಚೆನ್ನಾಗಿ ಉಜ್ಜಿ 20 ಸೆಕೆಂಡ್. ಈಜುಕೊಳದ ಹತ್ತಿರ ಕಾವಲುಗಾರ ಎಲ್ಲ ಹಡಗಿನಲ್ಲೂ ಇರುವುದಿಲ್ಲ. ಇದ್ದರೂ ಕಣ್ಣು ನಿಮ್ಮದೇ ಇರಲಿ.

ಬಂದರಿನಲ್ಲಿ

ಹಡಗಿನವರೇ ಮಾಡಿಸುವ ಸುತ್ತಾಟ ದುಬಾರಿ, ಆದರೆ ಆ ಬಸ್ಸು ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ನೀವೇ ಟ್ಯಾಕ್ಸಿ ಹಿಡಿದು ಹೋದರೆ ಅಗ್ಗ, ಆದರೆ ಕಾಯುವುದಿಲ್ಲ. ದೂರದ ಜಾಗಕ್ಕೆ ಹಡಗಿನವರ ಜೊತೆ, ಬಂದರಿನ ಹತ್ತಿರದ್ದಕ್ಕೆ ನಿಮ್ಮಷ್ಟಕ್ಕೆ ನೀವು. ಇದು ನಮ್ಮ ಲೆಕ್ಕ.

ಗಂಟೆಯ ವಿಷಯ ನೆನಪಿರಲಿ. ಹಡಗಿನ ಗಂಟೆ ಒಂದು, ದಡದ ಗಂಟೆ ಇನ್ನೊಂದು ಆಗಿರಬಹುದು. ಫೋನು ದಡದ ಗಂಟೆಗೆ ತಾನೇ ಬದಲಾಗಿಬಿಡುತ್ತದೆ. ಒಂದು ಮಾಮೂಲಿ ಕೈಗಡಿಯಾರವನ್ನು ಹಡಗಿನ ಗಂಟೆಗೆ ಇಟ್ಟು, ಮನೆಯ ಶಿಸ್ತಿನ ಮನುಷ್ಯನ ಕೈಗೆ ಕಟ್ಟಿ. ಹತ್ತಲು ಕೊನೆಯ ಗಡುವು ಹಡಗು ಹೊರಡುವುದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ. ಹಡಗಿನವರು ಕೊಡುವ ಆ ದಿನದ ಕಾರ್ಯಕ್ರಮದ ಹಾಳೆಯ ಫೋಟೋ ತೆಗೆದುಕೊಳ್ಳಿ, ಬಂದರಿನ ಏಜೆಂಟರ ಫೋನ್ ನಂಬರ್ ಅದರಲ್ಲೇ ಇರುತ್ತದೆ.

ಇಳಿಯುವ ಹಿಂದಿನ ರಾತ್ರಿ

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳಿಗೆ ಚೀಟಿ ಕಟ್ಟಿ ಬಾಗಿಲ ಹೊರಗೆ ಇಡಬೇಕು. ರಾತ್ರೋರಾತ್ರಿ ಒಯ್ದು, ಬೆಳಿಗ್ಗೆ ದಡದಲ್ಲಿ ಕೊಡುತ್ತಾರೆ. ನೀವೇ ಎಳೆದುಕೊಂಡು ಹೋಗಬಹುದು ಕೂಡ, ಹಾಗಾದರೆ ಬೇಗ ಇಳಿಯಲು ಬಿಡುತ್ತಾರೆ. ಆದರೆ ಮಕ್ಕಳು, ಹಿರಿಯರು, ಐದು ಪೆಟ್ಟಿಗೆ, ತುಂಬಿದ ಲಿಫ್ಟ್ ಅಂದರೆ ಬೇಡ. ಬಿಲ್ಲನ್ನು ಆ ರಾತ್ರಿಯೇ ನೋಡಿ. ಬೆಳಿಗ್ಗೆ ಕೌಂಟರ್‌ನ ಮುಂದೆ ಮಾರುದ್ದ ಸಾಲು ಇರುತ್ತದೆ.

ಪೆಟ್ಟಿಗೆ ಮುಚ್ಚುವ ಮುಂಚೆ ಒಬ್ಬೊಬ್ಬರ ಮಾರನೇ ದಿನದ ಬಟ್ಟೆ, ಒಳಉಡುಪು, ಚಪ್ಪಲಿ ಸಮೇತ ಮಂಚದ ಮೇಲೆ ಜೋಡಿಸಿ ಎಣಿಸಿ. ನಾವು ಮಕ್ಕಳದ್ದನ್ನು ಎಣಿಸಿದೆವು, ನಮ್ಮದನ್ನು ಎಣಿಸಿದೆವು. ಮಾವನವರು "ನಂದು ನಾನು ನೋಡ್ಕೋತೀನಿ" ಅಂದರು. ಬೆಳಿಗ್ಗೆ ಇಮಿಗ್ರೇಷನ್ ಸಾಲಿನಲ್ಲಿ ಅವರು ಇಸ್ತ್ರಿ ಮಾಡಿದ ಬಿಳಿ ಷರಟು ತೊಟ್ಟು, ಬೆಲ್ಟ್ ಕೈಯಲ್ಲಿ ಹಿಡಿದು, ಚುಕ್ಕಿ ಚುಕ್ಕಿಯ ನೈಟ್ ಪ್ಯಾಂಟ್‌ನಲ್ಲಿ ಬಹಳ ಗಂಭೀರವಾಗಿ ನಿಂತಿದ್ದರು.